ಓಲ್ಡ್ ಟೌನಿನ ಹೊಂಗೆ ಸಸಿ

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಶಿವಮೊಗ್ಗದ ಬಸ್ಸಿಗೆ ಕಾಯುತ್ತಾ, ರಸ್ತೆ ಬದಿಯ ಗಾಡಿಯಲ್ಲಿ ಬಿಸಿ ಬೋಂಡ ತಿಂದೆ. ರಸ್ತೆ ಅಗಲ ಮಾಡಲು ಸಾಲುಮರಗಳನ್ನು ಕಡಿದ ಮೇಲೆ ಅಲ್ಲಿ ನೆರಳೇ ಇಲ್ಲ. ಜನ ಲೈಟ್ ಕಂಬದ ನೆರಳಿನಲ್ಲೇ ಒಬ್ಬರ ಹಿಂದೊಬ್ಬರು, ರೇಷನ್ನಿಗೆ ನಿಂತ ಹಾಗೆ ನಿಂತಿದ್ದರು. ಮೋರಿಯ ಹತ್ತಿರ ಕೈ ತೊಳೆಯಲು ಹೋದರೆ ಗಾಡಿಯ ಸರೋಜಕ್ಕ ತಡೆದರು.

“ಅಲ್ಲಲ್ಲ ಮಾರಾಯ್ರೆ, ಈ ಹೊಂಗೆ ಬುಡದಲ್ಲಿ ತೊಳೀರಿ. ಸೋಪು ಮಾತ್ರ ಬೇಡ.”

ಸಸಿ ಮೊಣಕಾಲೆತ್ತರ ಇತ್ತು.

“ಬೋಂಡದ ಎಣ್ಣೆ ಕೈ, ಪರವಾಗಿಲ್ವಾ?”

“ನನ್ನ ಬೋಂಡ ತಿಂದೇ ಬೆಳೆದಿದ್ದು ಅದು! ಹೋದ ವರ್ಷದ್ದು ಬಿಸಿಲಿಗೆ ಸುಟ್ಟೋಯ್ತು. ಇದೂ ಹೋದ್ರೆ ಬೇಸಿಗೇಲಿ ನಾನಿಲ್ಲಿ ಗಾಡಿ ಹಾಕೋಕಾಗಲ್ಲ.”

ಅಷ್ಟರಲ್ಲಿ ಬಸ್ಸು ಬಂತು. ಎಲ್ಲರೂ ಹತ್ತಿ, ಕಂಡಕ್ಟರ್ ಸೀಟಿ ಊದುವ ಹೊತ್ತಿಗೆ ಆಡೊಂದು ಸಸಿಗೆ ಬಾಯಿ ಹಾಕಿತು. ಸರೋಜಕ್ಕನ ಎರಡೂ ಕೈ ಹಿಟ್ಟಿನಲ್ಲಿ.

“ಅಯ್ಯಯ್ಯೋ, ಓಡ್ಸ್ರೋ!”

ಕಂಡಕ್ಟರೇ ಕೆಳಗೆ ಹಾರಿ, ಸೀಟಿ ಊದುತ್ತಾ ಆಡನ್ನು ಅಟ್ಟಿದರು. ಬಸ್ಸಿನಲ್ಲಿ ಯಾರೂ ಹೊತ್ತಾಯಿತು ಎನ್ನಲಿಲ್ಲ. ಕಿಟಕಿಗಳಿಂದ ತಲೆ ಹೊರಗೆ ಹಾಕಿ, “ಚಿಗುರು ಉಳೀತಾ ಅಕ್ಕಾ?” ಎಂದು ಕೇಳಿದರು.

ಸರೋಜಕ್ಕ ಬಗ್ಗಿ ನೋಡಿ, ಹಿಟ್ಟಿನ ಕೈ ಮೇಲೆತ್ತಿದರು. “ತುದಿ ಹಂಗೇ ಇದೆ, ಹೋಗ್ಬನ್ನಿ!”

ಆಮೇಲೇ ಡ್ರೈವರ್ ಗೇರ್ ಹಾಕಿದ್ದು.