ನೆಲ ನಡುಗಿದ ದಿನದ ಪರೀಕ್ಷೆ

ಮೊದಲ ವರ್ಷದ ಬಿ.ಎಸ್ಸಿ.ಯಲ್ಲಿ ನಮಗೆ ಕೂರಲು ಜಾಗವಿರಲಿಲ್ಲ. ಕೊನೆಯ ವರ್ಷಕ್ಕೆ ಒಬ್ಬೊಬ್ಬರಿಗೆ ಒಂದೊಂದು ಬೆಂಚು. ದಡ್ಡರಾಗಿ ಓದು ಬಿಟ್ಟವರು ಕಡಿಮೆ. ಚಿನ್ನದ ಗಣಿಯಲ್ಲಿ ದುಡಿಯುವ ಅಪ್ಪ ಇನ್ನು ಕೆಳಗೆ ಇಳಿಯಲಾರ ಎಂದು ಡಾಕ್ಟರು ಹೇಳಿದರೆ ಆ ಕೆಲಸ ಮಗನಿಗೆ ಸಿಗುತ್ತಿತ್ತು, ಗಣಿಯವರು ಕೊಟ್ಟ ಲೈನುಮನೆಯೂ ಉಳಿಯುತ್ತಿತ್ತು. ಸೋಮವಾರ ಒಬ್ಬ ಬರದಿದ್ದರೆ ಎಲ್ಲಿಗೆ ಹೋದನೆಂದು ಯಾರೂ ಕೇಳುತ್ತಿರಲಿಲ್ಲ.

ನಾನು ಕ್ಯಾಸಂಬಳ್ಳಿ ಕಡೆಯ ರೈತರ ಮಗ. ಡೈರಿಗೆ ಹಾಲು ಹಾಕಿ ಬಸ್ಸು ಹಿಡಿಯುತ್ತಿದ್ದೆ. ಪಕ್ಕದ ಬೆಂಚಿನ ಗೆಳೆಯ ಲೈನಿನವನು. ಅವನ ಅಪ್ಪನಿಗೆ ಕೆಮ್ಮು. ಬೇರೆ ಅಪ್ಪಂದಿರು ಡಾಕ್ಟರ ಮುಂದೆ ಇಲ್ಲದ ಕೆಮ್ಮು ಕೆಮ್ಮಿದರೆ, ಇವರು ಇದ್ದದ್ದನ್ನು ನುಂಗಿಕೊಂಡು ಬರುತ್ತಿದ್ದರು.

"ಇವ್ನು ಡಿಗ್ರಿ ಮುಗಿಸಾಗಂಟ ನಾನೇ ಇಳೀತೀನಿ ಕಣಪ್ಪ. ನೀನು ಒಂದು ಕಣ್ಣಿಟ್ಟಿರು. ಬಡ್ಡೀಮಗ ಸಿನಿಮಾಕ್ಕೆ ಓಗ್ತಾನೆ" ಎಂದು ನನಗೆ ಹೇಳಿ ನಗುತ್ತಿದ್ದರು.

ಕೊನೆಯ ವರ್ಷದ ಭೌತಶಾಸ್ತ್ರ ಪರೀಕ್ಷೆ. ಗೆಳೆಯನ ಅಪ್ಪ ಬೆಳಗಿನ ಪಾಳಿಯಲ್ಲಿದ್ದರು. ಬರೆಯುತ್ತಿದ್ದಾಗ ಕಾಲ ಕೆಳಗೆ ಗುಡುಗಿದಂತಾಯಿತು. ಕಿಟಕಿಯ ಬಾಗಿಲುಗಳು ಬಡಿದುಕೊಂಡವು. ಹೆಂಚಿನ ಧೂಳು ನನ್ನ ಉತ್ತರದ ಮೇಲೆ ಉದುರಿತು. ಆಳದಲ್ಲಿ ಬಂಡೆ ಸಿಡಿದರೆ ಊರು ನಡುಗುವುದು ಹೊಸದಲ್ಲ. ಆಗ ಲೈನಿನವರು ಒಲೆಯ ಮೇಲಿನ ಅನ್ನವನ್ನೂ ಇಳಿಸದೆ ಗಣಿಯ ಬಾಯಿಗೆ ಓಡುತ್ತಾರೆ. ಆದರೆ ಪರೀಕ್ಷೆಯ ಕೋಣೆಯಲ್ಲಿ ನಾನದನ್ನು ಕಂಡಿರಲಿಲ್ಲ. ಪೆನ್ನುಗಳಿಗೆ ಮುಚ್ಚಳ ಹಾಕುವ ಸದ್ದು ಕೇಳಿಸಿತು. ಅಲ್ಲೊಬ್ಬ ಎದ್ದ, ಇಲ್ಲೊಬ್ಬ ಎದ್ದ.

ಮೇಲ್ವಿಚಾರಕರು ಬಾಗಿಲಿಗೆ ಅಡ್ಡ ನಿಂತರು. "ಹೊರಗೆ ಹೋದ್ರೆ ಮತ್ತೆ ಒಳಗೆ ಬಿಡೋದಿಲ್ಲ. ನಿಮ್ಮೋರು ಕೆಳಗಿದಾರಾ?"

"ಅಪ್ಪ ಅವ್ರೆ ಸಾರ್" ಎಂದ ನನ್ನ ಗೆಳೆಯ.

ಅವರು ಪಕ್ಕಕ್ಕೆ ಸರಿದರು. ಗೆಳೆಯ ತನ್ನ ಉತ್ತರಪತ್ರಿಕೆಯನ್ನು ಬೋರಲು ಹಾಕಿ ಹೋಗಿದ್ದ. ನಾನು ಕೂತೇ ಇದ್ದೆ. ಆಮೇಲೆ ಒಂದು ಸಾಲೂ ಬರೆಯಲಾಗಲಿಲ್ಲ.

ಗಂಟೆ ಹೊಡೆದ ಮೇಲೆ ಗಣಿಯ ಹತ್ತಿರ ಹೋದೆ. ಅಷ್ಟು ಜನ, ಎಲ್ಲರ ಕಣ್ಣೂ ಗಣಿಯ ಬಾಯಿಯ ಮೇಲೆ. ಮೇಲಿನ ದೊಡ್ಡ ಚಕ್ರ ತಿರುಗಿ, ಕೆಳಗಿದ್ದವರನ್ನು ಹೊತ್ತು ಕೇಜು ಬಂತು. ಗೆಳೆಯನ ಅಪ್ಪ ಹೊರಗೆ ಬಂದರು. ಬಂಡೆ ಸಿಡಿದದ್ದು ಬೇರೆ ಕಡೆ. ಅವರ ಮೈಮೇಲೆ ಒಂದು ಗೀರೂ ಇರಲಿಲ್ಲ. ಮಗನನ್ನು ಕಂಡದ್ದೇ ಕೆನ್ನೆಗೆ ಹೊಡೆದರು.

"ಬರ್ಯೋದು ಬುಟ್ಟು ಯಾಕ್ಲಾ ಬಂದೆ? ನಾನು ಸತ್ತಿದ್ರೆ ಬಂದು ಎಬ್ಬಿಸ್ತಿದ್ದೇನ್ಲಾ?"

ಮಗ ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ಅಪ್ಪ ಅಲ್ಲೇ ನೆಲಕ್ಕೆ ಕುಸಿದು ಕೆಮ್ಮತೊಡಗಿದರು. ಅಷ್ಟು ವರ್ಷ ನುಂಗಿದ್ದೆಲ್ಲ ಎಲ್ಲರೆದುರು ಬಂತು. ನಿಲ್ಲಲಿಲ್ಲ. ಮುಂದಿನ ತಪಾಸಣೆಯಲ್ಲಿ ಡಾಕ್ಟರಿಂದ ಅದನ್ನು ಮುಚ್ಚಿಡಲು ಅವರಿಗೆ ಆಗಲಿಲ್ಲ.

ಭೌತಶಾಸ್ತ್ರದಲ್ಲಿ ನಾನೂ ನಪಾಸಾಗಿದ್ದೆ. ಮರುಪರೀಕ್ಷೆಗೆ ಬಂದವರೆಲ್ಲ ನನ್ನಂಥ ಹಳ್ಳಿಯವರು. ಪಕ್ಕದ ಬೆಂಚು ಖಾಲಿ. ಗೆಳೆಯ ಅಪ್ಪನ ಜಾಗದಲ್ಲಿ ಬೆಳಗಿನ ಪಾಳಿಗೆ ಇಳಿದಿದ್ದ.

ಅರ್ಧ ಬರೆದಿದ್ದೆ. ನೆಲ ಮೆಲ್ಲಗೆ ಅಲುಗಿತು. ಸೀಮೆಸುಣ್ಣವೊಂದು ಮೇಜಿನಿಂದ ಉರುಳಿ ಬಿತ್ತು. ಯಾರೂ ತಲೆಯೆತ್ತಲಿಲ್ಲ. ನಾನು ಪೆನ್ನಿಗೆ ಮುಚ್ಚಳ ಹಾಕಿ ಎದ್ದು ನಿಂತಿದ್ದೆ. ಎದ್ದದ್ದು ನನಗೇ ತಿಳಿದಿರಲಿಲ್ಲ.

"ನೀನು ಹಳ್ಳಿಯವನಲ್ವೇನಯ್ಯ? ನಿನ್ನೋರು ಯಾರು ಕೆಳಗಿರೋದು?" ಎಂದರು ಅದೇ ಮೇಲ್ವಿಚಾರಕರು.

ನಾನು ಪಕ್ಕದ ಬೆಂಚು ತೋರಿಸಿದೆ. ಅವರು ಅದನ್ನು ನೋಡಿ, ಬಾಗಿಲು ಬಿಟ್ಟು ಸರಿದು ನಿಂತರು.