ಬಲೆ ಕಿತ್ತ ಮೇಲೆ

ಕುಡಚಿಗೆ ಹೋಗುವ ದಾರಿಯಲ್ಲಿ ನಮ್ಮೂರು. ನಾನು ಹೈಸ್ಕೂಲಿನಲ್ಲಿದ್ದಾಗ, ಎರಡು ಸಾವಿರದ ಆಸುಪಾಸಿನಲ್ಲಿ, ಹೊಸದಾಗಿ ಬಂದ ಪಿ.ಟಿ. ಸರ್ ಹುಡುಗಿಯರಿಗೆ ಬೇಸ್‌ಬಾಲ್ ಕಲಿಸಿದರು. ಮೈದಾನದಲ್ಲಿ ಬ್ಯಾಟು ಹಿಡಿದು ನಿಲ್ಲುವ ಮೂಲೆ ನಮ್ಮ ಮನೆಗೇ ಅಂಟಿಕೊಂಡಿತ್ತು. ಹಿಂದಕ್ಕೆ ಸಿಡಿದ ಚೆಂಡು ಆ ಆಟದಲ್ಲಿ ಲೆಕ್ಕಕ್ಕಿಲ್ಲ; ಆದರೂ ಮನೆಗಳ ಮೇಲೆ ಬೀಳದಿರಲೆಂದು ಸರ್ ಅಲ್ಲಿ ಪೈಪು ನೆಟ್ಟು ಎತ್ತರದ ಬಲೆ ಕಟ್ಟಿಸಿದ್ದರು. ಬಲೆಯಾಚೆ ಕಟ್ಟೆಯ ಮೇಲೆ ಅವ್ವ ಶೇಂಗಾ ಸುಲಿಯುತ್ತ ಕೂಡುತ್ತಿದ್ದಳು. ನಾನು ಚೆಂಡು ಹೊಡೆದು, ಉಳಿದ ಮೂರೂ ಮೂಲೆ ಮುಟ್ಟಿ, ಏದುಸಿರು ಬಿಡುತ್ತ ಮತ್ತೆ ಅವಳ ಮುಂದೆ ಬಂದು ನಿಂತರೆ ಒಂದೇ ಪ್ರಶ್ನೆ: “ಔಟ್ ಆಗಲಿಲ್ಲಲ್ಲ?” ಆಟದಲ್ಲಿ ಅವಳಿಗೆ ತಿಳಿದದ್ದು ಅಷ್ಟೇ.

ಸರ್‌ಗೆ ವರ್ಗವಾಯಿತು. ನನ್ನನ್ನು ಮದುವೆ ಮಾಡಿ ಐಗಳಿ ಊರಿಗೆ ಕೊಟ್ಟರು. ಮೈದಾನದಲ್ಲಿ ಜಾಲಿ ಬೆಳೆಯಿತು. ಎಷ್ಟೋ ವರ್ಷದ ಮೇಲೆ ಊರ ಹುಡುಗರು ಅದನ್ನು ಕ್ರಿಕೆಟ್ ಮೈದಾನ ಮಾಡಹೊರಟರು. ಜೆಸಿಬಿ ಬಂತು, ನಟ್ಟನಡುವೆ ಪಿಚ್ಚು ಎದ್ದಿತು. ಉದ್ಘಾಟನೆಗೆ ಹಳೆಯ ಆಟಗಾರ್ತಿಯೆಂದು ನನಗೂ ಕರೆ ಬಂತು. ಹಿಂದಿನ ದಿನವೇ ತವರಿಗೆ ಬಂದು ನೋಡುತ್ತೇನೆ, ಬಲೆ ಇಲ್ಲ.

“ಬಲಿ ಎಲ್ಲಿ ಹೋತೋ?” ಅಂದೆ, ಹುಡುಗರ ಮುಂದಾಳನ್ನು ಹಿಡಿದು.

“ಸ್ಟೇಜಿಗೆ ಕಟ್ಟೇವ್ರಿ ಅಕ್ಕಾ. ಉದ್ಘಾಟನಿಗೆ ಬಂದ ಪಾವಣ್ಯಾರಿಗೆ ಚೆಂಡ ಬಡೀಬಾರದಲ್ಲ.”

“ಮತ್ತ ನಮ್ಮವ್ವಗ?”

“ಆ ಮೂಲಿಗೆ ಬಂದ ಚೆಂಡ ಲೆಕ್ಕಕ್ಕಿಲ್ಲಲ್ರಿ!”

ನಮ್ಮ ಆಟ ನೋಡುತ್ತ ಬೆಳೆದವನು. ಕ್ರಿಕೆಟ್ಟಿನಲ್ಲಿ ಎಂಟೂ ದಿಕ್ಕಿಗೆ ರನ್ನುಂಟು ಎಂದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ನಮ್ಮ ಮೂಲೆಯ ಚೆಂಡು ಲೆಕ್ಕಕ್ಕಿಲ್ಲವೆಂಬುದು ಇಡೀ ಊರ ತಲೆಯಲ್ಲಿ ಕೂತುಬಿಟ್ಟಿತ್ತು. ನನಗೆ ಮೈಯೆಲ್ಲ ಉರಿಯಿತು.

ಅವ್ವನ ಕಣ್ಣಿಗೆ ಪೊರೆ ಬಂದಿತ್ತು. ಆಪರೇಶನ್ ಮಾಡಿಸೋಣವೆಂದರೆ “ಸುಗ್ಗಿ ಮುಗೀಲಿ” ಅನ್ನುವಳು. ಚೆಂಡು ಬಂದರೆ ಕಾಣುವುದಿಲ್ಲ, ನಾಳೆಯೊಂದು ದಿನ ಒಳಗೆ ಕೂಡು ಎಂದು ನಾನೂ ಅಣ್ಣನ ಹೆಂಡತಿ ವೈನಿಯೂ ಗೋಗರೆದೆವು.

“ನನ್ ಕಟ್ಟಿ ಮ್ಯಾಲ ಕೂಡಾಕ ಯಾರ ಅಪ್ಪಣಿ ಬೇಕ?” ಅಂದಳು. ನೂಲಿನಂತೆ ಸೀರೆ, ತಾಯಿಯಂತೆ ಮಗಳು. ನನ್ನ ಹಠ ಎಲ್ಲಿಂದ ಬಂತೆಂದು ಐಗಳಿಯವರು ಇನ್ನು ಕೇಳಬೇಕಿಲ್ಲ.

ಮರುದಿನ ಶಾಲು ಹೊದಿಸಿ ನನ್ನನ್ನು ಸ್ಟೇಜಿನ ಮೇಲೆ, ಅದೇ ಬಲೆಯ ಹಿಂದೆ ಕೂಡಿಸಿದರು. ಅವ್ವನ ಬಲೆ ನನಗೆ ಕಾವಲು! ಆಟ ಶುರುವಾಯಿತು. ಮೈದಾನದಾಚೆ ಅವಳ ಹಸಿರು ಸೀರೆ ಮಾತ್ರ ಕಾಣುತ್ತಿತ್ತು. ಎಲ್ಲರೂ ಚೆಂಡು ನೋಡುತ್ತಿದ್ದರೆ ನಾನು ಸೀರೆ ನೋಡುತ್ತಿದ್ದೆ. ಎದ್ದು ಹೋಗೋಣವೆಂದರೆ ಪಕ್ಕದ ಹಿರಿಯರು “ಕೂಡ್ರಿ, ಕೂಡ್ರಿ” ಅನ್ನುವರು.

ಆಗ ಒಬ್ಬ ಎತ್ತಿ ಬಾರಿಸಿದ. ಚೆಂಡು ನೇರ ಆ ಮೂಲೆಗೇ ಹೋಯಿತು. “ಸಿಕ್ಸ್!” ಎಂದು ಜನ ಎದ್ದು ನಿಂತರು. ಸೀರೆ ಮರೆಯಾಯಿತು.

ಶಾಲು ಎಲ್ಲಿ ಬಿತ್ತೋ ತಿಳಿಯದು. ಪಿಚ್ಚನ್ನೇ ತುಳಿದು, ಅಡ್ಡ ಬಂದ ಅಂಪೈರನನ್ನು ತಳ್ಳಿ ಓಡಿದೆ. ಕಟ್ಟೆಯ ಕೆಳಗೆ ಬುಟ್ಟಿ ಬೋರಲು ಬಿದ್ದು, ಶೇಂಗಾ ಚೆಲ್ಲಾಪಿಲ್ಲಿಯಾಗಿತ್ತು. ಚೆಂಡು ಅದರ ನಡುವೆ ಬಿದ್ದಿತ್ತು. ಅವ್ವ ಕೂತಲ್ಲೇ ಕೂತು ಬುಟ್ಟಿ ಎಲ್ಲಿ ಹೋಯಿತೆಂದು ಕೈಯಿಂದ ತಡಕುತ್ತಿದ್ದಳು. ನಾನು ಏದುಸಿರು ಬಿಡುತ್ತ ಅವಳ ಮುಂದೆ ನಿಂತೆ. ಅದನ್ನು ಕೇಳಿ ಅವಳು ಮುಖ ಎತ್ತಿದಳು.

“ಬಂದೇನ? ಔಟ್ ಆಗಲಿಲ್ಲಲ್ಲ?”

“ಇಲ್ಲವ್ವಾ,” ಅಂದು, ಊರೆಲ್ಲ ನೋಡುತ್ತಿದ್ದರೂ ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.