ಮಂಡಿ ವಾಸಿಯಾದದ್ದು ಎಣ್ಣೆಯಿಂದಲ್ಲ

ನನ್ನ ಮಂಡಿನೋವು ವಾಸಿಯಾದದ್ದು ನೆಕ್ಕಿ ಸೊಪ್ಪಿನ ಎಣ್ಣೆಯಿಂದ ಅಲ್ಲ. ಮಣಿಪಾಲದ ಡಾಕ್ಟರು ಕೊಟ್ಟ ಮದ್ದಿನಿಂದ, ಅಲ್ಲಿ ಹೇಳಿಕೊಟ್ಟ ವ್ಯಾಯಾಮದಿಂದ. ಅದನ್ನು ಮುಚ್ಚಿಟ್ಟು, ಎಲ್ಲ ಎಣ್ಣೆಯ ಗುಣ ಎಂದು ಊರಿಗೆಲ್ಲ ಹೇಳಿದೆ. ಆ ಮಾತನ್ನು ನಂಬಿ ಪಕ್ಕದ ಮನೆಯ ಲಿಲ್ಲಿ ಆರು ತಿಂಗಳು ತನ್ನ ಬೆರಳುಗಳನ್ನು ನನ್ನ ಸೀಸೆಗೆ ಒಪ್ಪಿಸಿದಳು. ಮಲ್ಲಿಗೆ ಕಟ್ಟುವ ಬೆರಳುಗಳು—ಅವು ಮಡಚದಿದ್ದರೆ ಅವಳ ಮನೆಯಲ್ಲಿ ಒಲೆ ಉರಿಯುವುದಿಲ್ಲ.

ಕಾಪುವಿನ ಶಾಲೆಯೊಂದರಲ್ಲಿ ನಾನು ಮೂವತ್ತೆರಡು ವರ್ಷ ವ್ಯಾಯಾಮ ಶಿಕ್ಷಕಿಯಾಗಿದ್ದೆ. ಮನೆ ಶಂಕರಪುರದಲ್ಲಿ. ಐದಕ್ಕೆ ಏಳುವುದು, ಐದೂಕಾಲಿಗೆ ಬಿಸಿನೀರು, ಐದೂವರೆಗೆ ನಡಿಗೆ—ನಿವೃತ್ತಿಯಾದ ಮೇಲೂ ಇದು ಒಂದು ನಿಮಿಷ ಆಚೀಚೆ ಆಗಲಿಲ್ಲ. ವಾರಕ್ಕೆ ಮೂರು ಸಂಜೆ ಊರಿನ ಸಭಾಭವನದಲ್ಲಿ ಹೆಂಗಸರಿಗೆ ವ್ಯಾಯಾಮದ ತರಗತಿ ನಡೆಸುತ್ತಿದ್ದೆ. ತಡವಾಗಿ ಬಂದವರು ಬಾಗಿಲ ಹೊರಗೆ. ಎಪ್ಪತ್ತು ದಾಟಿದವರಿಗೂ ವಿನಾಯಿತಿ ಇಲ್ಲ. ಮೈ ಬಗ್ಗಿಸಲಿಕ್ಕೆ ಸೋಮಾರಿಗಳಾದವರು ಮಾತ್ರೆ ನುಂಗುತ್ತಾರೆ ಎಂದು ಅಲ್ಲಿ ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ. ಸೀಟಿ ಕೈಯಲ್ಲಿ ಹಿಡಿದುಕೊಂಡು, ಗಟ್ಟಿಯಾಗಿ.

ಐದು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದು ನಿಂತರೆ ಬಲಮಂಡಿ ಮಾತು ಕೇಳಲಿಲ್ಲ. ಹಿಂದಿನ ದಿನ ಏನೂ ಇರಲಿಲ್ಲ. ಬೆಳಗಾಗುವುದರೊಳಗೆ ಎಳನೀರಿನ ಬೊಂಡದ ಹಾಗೆ ಊದಿಕೊಂಡಿತ್ತು. ಮುಟ್ಟಿದರೆ ಬಿಸಿ. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದೆ—ನಾನು, ಗೋಡೆ ಹಿಡಿದುಕೊಂಡು.

ಮೊದಲು ಮನೆಮದ್ದು ಮಾಡಿದೆ, ಪೂರ್ತಿ ಶಿಸ್ತಿನಿಂದಲೇ. ಬೆಳಿಗ್ಗೆ ನೆನೆಸಿದ ಮೆಂತೆ. ಹತ್ತು ಗಂಟೆಗೆ ಹುರಿದ ಉಪ್ಪಿನ ಗಂಟಿನಿಂದ ಶಾಖ. ಮಧ್ಯಾಹ್ನ ಎಕ್ಕದ ಎಲೆಯನ್ನು ಬಿಸಿ ಮಾಡಿ ಕಟ್ಟುವುದು. ಮಲಗುವ ಮೊದಲು ಅರಸಿನ ಹಾಲು. ಎಲ್ಲಕ್ಕಿಂತ ಮೇಲೆ ನನ್ನ ಅಮ್ಮ ಮಾಡುತ್ತಿದ್ದ ಎಣ್ಣೆ—ನೆಕ್ಕಿ, ಅಂದರೆ ಲಕ್ಕಿ ಸೊಪ್ಪಿನ ರಸ, ಶುಂಠಿ, ಎರಡು ಹಿಡಿ ಬೆಳ್ಳುಳ್ಳಿ ಹಾಕಿ ತೆಂಗಿನೆಣ್ಣೆಯಲ್ಲಿ ಕಾಸಿದ್ದು. ಎಣ್ಣೆ ತಿಕ್ಕಿ ಶಾಖ ಕೊಟ್ಟಾಗ ಹಿತವಾಗುತ್ತಿತ್ತು, ಅದು ನಿಜ. ಒಂದು ಗಂಟೆ. ಆಮೇಲೆ ಊತ ಅಲ್ಲೇ, ನೋವು ಅಲ್ಲೇ. ಮೂರು ವಾರ ಹೀಗೆ ಕಳೆಯಿತು.

ನಾಲ್ಕನೆಯ ವಾರ ಮಣಿಪಾಲಕ್ಕೆ ಹೋದೆ. ಕದ್ದು. ಕಾರ್ಕಳದಲ್ಲಿರುವ ತಂಗಿಯನ್ನು ನೋಡಿ ಬರುತ್ತೇನೆ ಎಂದು ಎಲ್ಲರಿಗೂ ಹೇಳಿ, ಎಲ್ಲರೆದುರಿಗೆ ಆ ಕಡೆಯ ಬಸ್ಸು ಹತ್ತಿ, ಶಿರ್ವದಲ್ಲಿ ಇಳಿದು, ಅಲ್ಲಿಂದ ಉಡುಪಿಯ ಬಸ್ಸು ಹಿಡಿಯುತ್ತಿದ್ದೆ. ಆ ಬಸ್ಸು ಮತ್ತೆ ಶಂಕರಪುರವನ್ನೇ ಹಾದು ಹೋಗಬೇಕು. ನನ್ನೂರಿನ ನಿಲ್ದಾಣ ಬಂದಾಗ ಸೆರಗನ್ನು ತಲೆಯ ಮೇಲೆ ಎಳೆದು, ಚಪ್ಪಲಿ ಹುಡುಕುವವರ ಹಾಗೆ ಬಗ್ಗಿ ಕೂರುತ್ತಿದ್ದೆ. ಅರುವತ್ತಾರು ವರ್ಷದವಳು.

ಡಾಕ್ಟರು ಮಂಡಿಯಿಂದ ನೀರು ತೆಗೆದರು, ಹತ್ತು ದಿನಕ್ಕೆ ಮಾತ್ರೆ ಕೊಟ್ಟರು, ಆಮೇಲೆ ಪ್ರತಿ ಗುರುವಾರ ವ್ಯಾಯಾಮಕ್ಕೆ ಬರಬೇಕು ಎಂದರು. ಮೊಮ್ಮಗಳ ವಯಸ್ಸಿನ ಹುಡುಗಿಯೊಬ್ಬಳು ನನ್ನನ್ನು ಮಲಗಿಸಿ, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, "ಒತ್ತಿ ಅಮ್ಮ, ಬಿಡಬೇಡಿ, ಐದರವರೆಗೆ ಎಣಿಸಿ" ಎನ್ನುತ್ತಿದ್ದಳು. ಎಣಿಸಿದೆ. ಸಾವಿರಾರು ಮಕ್ಕಳಿಗೆ ಎಣಿಸಿ ಕಲಿಸಿದವಳು ಅಲ್ಲಿ ಮಗುವಿನ ಹಾಗೆ ಎಣಿಸಿದೆ. ಮೂರು ತಿಂಗಳಲ್ಲಿ ಕಾಲು ನನ್ನದಾಯಿತು.

ತರಗತಿಯ ಹೆಂಗಸರನ್ನೆಲ್ಲ ಕರೆದುಕೊಂಡು ಕಾರ್ಕಳದ ಗೊಮ್ಮಟ ಬೆಟ್ಟ ಹತ್ತಿದೆ. ಎಲ್ಲೂ ಕೂರಲಿಲ್ಲ. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು ಅರ್ಧದಲ್ಲಿ ನಿಂತು ಏದುಸಿರು ಬಿಡುವಾಗ ನಾನು ಮೇಲೆ ನಿಂತು ಸೀಟಿ ಊದಿದೆ. ಆ ಗೆಲುವು ನಿಜವಾದ ಗೆಲುವು, ಅದರಲ್ಲಿ ಕಲಬೆರಕೆ ಇರಲಿಲ್ಲ. ಕಲಬೆರಕೆ ಮಾಡಿದ್ದು ಮರುಕ್ಷಣ.

"ಟೀಚರ್, ಎಂತ ಮದ್ದು ಮಾಡಿದ್ರಿ ಮಾರಾಯ್ರೆ?" ಎಂದು ಸುಮತಿ ಕೇಳಿದಳು. ತರಗತಿಯಲ್ಲಿ ನಾಲಿಗೆ ಉದ್ದ ಇರುವವಳು ಅವಳೇ.

"ನೆಕ್ಕಿ ಎಣ್ಣೆ. ಮತ್ತೆ ಶಿಸ್ತು," ಎಂದೆ.

ಅಲ್ಲಿಗೆ ಮುಗಿಯಲಿಲ್ಲ. ಶನಿವಾರ ಶನಿವಾರ ಎಣ್ಣೆ ಕಾಸತೊಡಗಿದೆ. ಸೀಸೆಗಳಿಗೆ ತುಂಬಿ, ಚೀಟಿ ಅಂಟಿಸಿ, ಕಾಸಿದ ತಾರೀಕು ಬರೆದು ಕೇಳಿದವರಿಗೆಲ್ಲ ಕೊಟ್ಟೆ. ಪಡುಬಿದ್ರಿಯಿಂದಲೂ ಜನ ಬಂದರು. ಗುರುವಾರಗಳಲ್ಲಿ ಮಾತ್ರ ನಾನು 'ತಂಗಿಯ ಮನೆ'ಗೆ ಹೋಗುವುದು ನಿಲ್ಲಲಿಲ್ಲ, ವ್ಯಾಯಾಮ ಇನ್ನೂ ಬಾಕಿ ಇತ್ತು.

ಆಗ ಲಿಲ್ಲಿಯ ಬೆರಳುಗಳ ತೊಂದರೆ ಶುರುವಾಯಿತು.

ಕ್ರಿಶ್ಚಿಯನ್ ಹೆಂಗಸು, ಗಂಡ ತೀರಿಕೊಂಡ ಮೇಲೆ ಹಿತ್ತಿಲಿನ ಮಲ್ಲಿಗೆ ಗಿಡಗಳನ್ನೇ ನಂಬಿ ಮಗಳನ್ನು ಓದಿಸಿದವಳು. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಸುತ್ತಿ, ಏಜೆಂಟ್ ಸದಾನಂದ ಸ್ಕೂಟರಿನಲ್ಲಿ ಬರುವಷ್ಟರಲ್ಲಿ ಕೊಡಬೇಕು. ತಡವಾದರೆ ಆ ದಿನದ ಹೂ ಹೋಯಿತು. ಈಗ ಆ ಹೊತ್ತಿಗೇ ಸರಿಯಾಗಿ ಅವಳ ಎರಡೂ ಕೈಯ ಬೆರಳುಗಳು ಬಿಗಿದು ನಿಲ್ಲುತ್ತಿದ್ದವು. ಹತ್ತು ಗಂಟೆಯ ಮೇಲೆ ತಾವಾಗಿಯೇ ಸಡಿಲವಾಗುತ್ತಿದ್ದವು. ಮಧ್ಯಾಹ್ನ ಸರಿಯಾಗಿರುತ್ತದಲ್ಲ, ಹಾಗಾದರೆ ಇದು ಮೊಗ್ಗಿನ ಮೇಲಿನ ಇಬ್ಬನಿಯ ಶೀತ—ಹೂ ಕಟ್ಟುವ ಎಲ್ಲರೂ ಹಾಗೇ ಹೇಳಿದರು. ಬೇರೆ ಊರಿನಲ್ಲಿ ಯಾರಿಗೂ ಹೊಳೆಯದ ಈ ಕಾರಣ ನಮ್ಮಲ್ಲಿ ಎಲ್ಲರಿಗೂ ಹೊಳೆಯಿತು.

ಒಂದು ಗುರುವಾರ ಸಂಜೆ ನಾನು ಬಸ್ಸಿಳಿದು ಬರುವಾಗ ಅವಳು ಕಂಪೌಂಡಿನ ಹತ್ತಿರ ಕಾಯುತ್ತಿದ್ದಳು.

"ಮಗಳು ದೊಡ್ಡ ಡಾಕ್ಟರಿಗೆ ತೋರಿಸುವ ಅಂತಾಳೆ ಟೀಚರ್. ನಿಮ್ಮ ಕಾಲು ಬರೀ ಎಣ್ಣೆಯಲ್ಲೇ ಗುಣ ಆದದ್ದು ಅಲ್ವಾ?"

"ಹೌದು. ಬೇರೆ ಎಂತದ್ದೂ ಇಲ್ಲ."

ಇಷ್ಟೇ ಮಾತು. ಆಗ ನನ್ನ ಚೀಲದಲ್ಲಿ ಆಸ್ಪತ್ರೆಯ ಚೀಟಿ ಇತ್ತು.

ಅವಳಿಗೊಂದು ವೇಳಾಪಟ್ಟಿ ಬರೆದುಕೊಟ್ಟೆ. ನಾಲ್ಕಕ್ಕೆ ಏಳಬೇಕು, ನೆಕ್ಕಿ ಸೊಪ್ಪು ಕುದಿಸಿದ ನೀರಿನಲ್ಲಿ ಇಪ್ಪತ್ತು ನಿಮಿಷ ಕೈ ಇಡಬೇಕು, ಎಣ್ಣೆ ತಿಕ್ಕಬೇಕು, ಆಮೇಲೆ ಹೂವಿಗೆ ಕೈ ಹಾಕಬೇಕು. ಅವಳು ಒಂದು ದಿನವೂ ತಪ್ಪಿಸಲಿಲ್ಲ. ನನ್ನ ವಿದ್ಯಾರ್ಥಿನಿಯರಲ್ಲೇ ಅಷ್ಟು ಶಿಸ್ತಿನವಳು ಇರಲಿಲ್ಲ. ತಿಂಗಳುಗಳು ಕಳೆದವು. ಬೆರಳಿನ ಗಂಟುಗಳು ಕೆಂಪಾಗಿ ದಪ್ಪವಾದವು. ದಿನಕ್ಕೆ ನಾಲ್ಕು ಚೆಂಡು ಕಟ್ಟುತ್ತಿದ್ದವಳು ಎರಡಕ್ಕೆ ಇಳಿದಳು, ಒಂದಕ್ಕೆ ಇಳಿದಳು.

ಒಂದು ಬೆಳಿಗ್ಗೆ ಸದಾನಂದನ ಸ್ವರ ಕಂಪೌಂಡು ದಾಟಿ ಬಂತು.

"ಎಂತ ಬಾಯಮ್ಮ ಇದು! ಹೂವಿಗೆ ಬೆಳ್ಳುಳ್ಳಿ ವಾಸನೆ ಉಂಟಲ್ಲ? ಇದು ದೇವಸ್ಥಾನಕ್ಕೆ ಹೋಗುವ ಹೂ. ದೇವರಿಗೇನು ಒಗ್ಗರಣೆ ಹಾಕ್ಲಿಕ್ಕುಂಟಾ?"

ಅವನು ಚೆಂಡನ್ನು ಹಿಂದೆ ಕೊಟ್ಟು ಹೋದ. ಲಿಲ್ಲಿ ಬಯ್ಯಲಿಲ್ಲ. ನನ್ನ ಅಂಗಳಕ್ಕೆ ಬಂದು, "ಟೀಚರ್, ಬೆಳ್ಳುಳ್ಳಿ ಹಾಕದೆ ಒಂದು ಸೀಸೆ ಮಾಡ್ಲಿಕ್ಕೆ ಆಗ್ತದಾ?" ಎಂದು ಕೇಳಿದಳು. ಕೋಪ ಮಾಡಿಕೊಂಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮಾಡಿಕೊಡುತ್ತೇನೆ ಎಂದೆ. ಮಾಡಿದೆ ಕೂಡ.

ಆ ಹೊಸ ಸೀಸೆ ಕೊಡಲು ಮರುವಾರ ಬೆಳಿಗ್ಗೆ ಆರೂವರೆಗೆ ಅವಳ ಜಗಲಿಗೆ ಹೋದೆ. ಅವಳು ನಾರಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಗಂಟು ಬಿಗಿಯುತ್ತಿದ್ದಳು. ಬೆರಳುಗಳಿಗೆ ಎಳೆಯುವ ಶಕ್ತಿ ಇರಲಿಲ್ಲ. ಕಟ್ಟಿದ ಹೂವನ್ನು ಬುಟ್ಟಿಗೆ ಹಾಕದೆ ಪಕ್ಕದಲ್ಲಿ ಕಾಗದದ ಮೇಲೆ ಇಡುತ್ತಿದ್ದಳು.

"ಅದನ್ನು ಯಾಕೆ ಬೇರೆ ಇಟ್ಟೆ?"

"ಬಾಯಿ ತಾಗಿದ್ದು ಟೀಚರ್. ನಿಮ್ಮ ದೇವರಿಗೆ ಆಗ್ಲಿಕ್ಕಿಲ್ಲ ಅಲ್ವಾ?"

"ಯಾರಿಗೆ ಗೊತ್ತಾಗ್ತದೆ?"

"ನನಗೆ ಗೊತ್ತುಂಟಲ್ಲ," ಎಂದಳು. ಮತ್ತೆ ನಾರು ಕಚ್ಚಿದಳು.

ತನ್ನದಲ್ಲದ ದೇವರಿಗೆ, ನೋಡದ ದೇವಸ್ಥಾನಕ್ಕೆ, ಹಸಿದ ಮನೆಯಿಂದ—ಎಂಜಲಿನ ಒಂದು ಎಳೆ ಹೋಗಬಾರದು ಎಂದು ಅವಳು ತನ್ನ ದಿನದ ದುಡಿಮೆಯನ್ನು ಕಾಗದದ ಮೇಲೆ ಇಡುತ್ತಿದ್ದಳು. ನಾನು ಸೀಸೆ ಹಿಡಿದುಕೊಂಡು ನಿಂತಿದ್ದೆ. ಶಾಲೆಯಲ್ಲಿ ಮಕ್ಕಳು ತಪ್ಪು ಒಪ್ಪಿಕೊಳ್ಳುವಾಗ ನೆಟ್ಟಗೆ ನಿಲ್ಲಿ ಎನ್ನುತ್ತಿದ್ದೆ. ನೆಟ್ಟಗೆ ನಿಂತೆ.

"ಲಿಲ್ಲಿ, ನಾನು ಸುಳ್ಳು ಹೇಳಿದ್ದು. ನನ್ನ ಕಾಲು ಗುಣವಾದದ್ದು ಮಣಿಪಾಲದಲ್ಲಿ. ಎಣ್ಣೆಯಲ್ಲಿ ಅಲ್ಲ."

ನಾರು ಅವಳ ಹಲ್ಲಿನಿಂದ ಜಾರಿತು. ನನ್ನ ಮಂಡಿಯನ್ನು ನೋಡಿದಳು. ಆಮೇಲೆ ಕೇಳಿದ್ದು ಒಂದೇ ಮಾತು.

"ಮಣಿಪಾಲಕ್ಕೆ ಮೊದಲ ಬಸ್ಸು ಎಷ್ಟು ಗಂಟೆಗೆ?"

ಏಳೂಹತ್ತಕ್ಕೆ ಹೊರಟೆವು, ನೇರ ದಾರಿಯಲ್ಲಿ, ಸೆರಗು ತಲೆಯ ಮೇಲೆ ಇಲ್ಲದೆ. ಅದು ಸಂಧಿವಾತ ಎಂದರು ಡಾಕ್ಟರು. ಇಬ್ಬನಿಗೂ ಅದಕ್ಕೂ ಸಂಬಂಧವಿಲ್ಲ, ಬೆಳಿಗ್ಗೆ ಬಿಗಿಯುವುದೇ ಆ ರೋಗದ ಲಕ್ಷಣ. ವಾರಕ್ಕೊಮ್ಮೆ ನುಂಗುವ ಮಾತ್ರೆ, ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಭಾನುವಾರ ಇಗರ್ಜಿಯಿಂದ ಬಂದ ಮೇಲೆ ಮಾತ್ರೆ ಎಂದು ನಾನೇ ನಿಗದಿ ಮಾಡಿ, ಕಂಪೌಂಡಿನ ಈಚೆಯಿಂದ ಸೀಟಿ ಊದತೊಡಗಿದೆ. "ಇಗರ್ಜಿಯಲ್ಲಿ ಪಾದ್ರಿಗಳು, ಮನೆಗೆ ಬಂದರೆ ಟೀಚರು. ನನಗೆ ಉಸಿರು ಬಿಡ್ಲಿಕ್ಕುಂಟಾ?" ಎಂದು ಆಚೆಯಿಂದ ಬಯ್ಗುಳ. ಬಯ್ಗುಳ ಬಂದ ದಿನ ನನಗೆ ಸಮಾಧಾನ.

ಆ ವಾರವೇ ತರಗತಿಯಲ್ಲಿ ಎಲ್ಲರ ಮುಂದೆ ನಿಂತು ಹೇಳಿದೆ. ಬಸ್ಸಿನಲ್ಲಿ ತಲೆ ತಗ್ಗಿಸಿ ಕೂತದ್ದನ್ನೂ ಹೇಳಿದೆ. ಸುಮತಿ, "ಹಾಗಾದ್ರೆ ನಾವು ಇಷ್ಟು ದಿನ ಮಂಡಿಗೆ ಹಚ್ಚಿ ತಿರುಗಿದ್ದು ಬರೀ ಸಾರಿನ ಒಗ್ಗರಣೆಯಾ ಟೀಚರ್?" ಎಂದಳು. ಸಭಾಭವನ ನಗುವಿನಲ್ಲಿ ಮುಳುಗಿತು. ಇಬ್ಬರು ತರಗತಿ ಬಿಟ್ಟುಹೋದರು, ಅವರು ಮಾಡಿದ್ದು ಸರಿ. ನಾಲ್ವರು ಮುಂದಿನ ವಾರ ನನ್ನ ಜೊತೆ ಮಣಿಪಾಲಕ್ಕೆ ಬಂದರು. ಎಣ್ಣೆ ಈಗಲೂ ಕಾಸುತ್ತೇನೆ, ಮೈಕೈ ನೋವಿಗೆ ಹಿತವಾಗುತ್ತದೆ. ಆದರೆ ಸೀಸೆಯ ಚೀಟಿಯಲ್ಲಿ ತಾರೀಕಿನ ಕೆಳಗೆ ಇನ್ನೊಂದು ಸಾಲು: ಊತ ಇದ್ದರೆ ಮೊದಲು ಡಾಕ್ಟರು.

ಮಾತ್ರೆ ಶುರುವಾದ ಐದನೆಯ ತಿಂಗಳು, ಒಂದು ಹಬ್ಬದ ಬೆಳಿಗ್ಗೆ, ಲಿಲ್ಲಿ ನನ್ನನ್ನು ಕೂಗಿ ಕರೆದಳು. ಜಗಲಿಯಲ್ಲಿ ಬುಟ್ಟಿ ತುಂಬ ಹೂ. ಅವಳ ಬೆರಳುಗಳು ನಾರಿನ ಮೇಲೆ ಓಡುತ್ತಿದ್ದವು—ಎರಡು ಮೊಗ್ಗು ಈಚೆ, ಎರಡು ಆಚೆ, ಒಂದು ಸುತ್ತು, ಒಂದು ಎಳೆತ. ಮೂರು ಚೆಂಡು ಮುಗಿದಿದ್ದವು. ನಾಲ್ಕನೆಯದು ಮುಗಿಯುವಾಗ ಗೇಟಿನ ಹತ್ತಿರ ಸ್ಕೂಟರಿನ ಹಾರ್ನ್ ಕೇಳಿಸಿತು. ಅವಳು ಎದ್ದು, ಚೆಂಡನ್ನು ಸದಾನಂದನ ಮೂಗಿನ ಹತ್ತಿರವೇ ಹಿಡಿದಳು.

"ಮೂಸಿ ನೋಡು ಮಾರಾಯ! ಎಂತ ವಾಸನೆ ಉಂಟು?"

"ಮಲ್ಲಿಗೆಯದ್ದೇ ಬಾಯಮ್ಮ, ಮಲ್ಲಿಗೆಯದ್ದೇ!" ಎಂದು ಅವನು ಎರಡೂ ಕೈ ಎತ್ತಿದ. ನಾನು ಚಪ್ಪಾಳೆ ತಟ್ಟಿದೆ. ಬೆಟ್ಟದ ತುದಿಯಲ್ಲಿ ನಿಂತಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಈಗಲೂ ಅವಳು ದಿನಕ್ಕೆ ನಾಲ್ಕು ಚೆಂಡು ಕಟ್ಟುತ್ತಾಳೆ. ಮಗಳ ಮದುವೆಯ ಮಾಲೆಯನ್ನು ತಾನೇ ಕಟ್ಟಿದಳು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಲಿಲ್ಲಿಗೂ ಹೇಳದ ಒಂದು ಮಾತು ಉಳಿದಿದೆ.

ಮಣಿಪಾಲದಲ್ಲಿ ನಾನು ಕಾಯುತ್ತಿದ್ದ ಬೆಂಚಿನ ಎದುರು ಗೋಡೆಯಲ್ಲಿ ಒಂದು ಚಿತ್ರಪಟ ಇತ್ತು. ಎರಡು ಕೈಗಳು, ಕೆಂಪಾದ ಬೆರಳ ಗಂಟುಗಳು. ಕೆಳಗೆ ಕನ್ನಡದಲ್ಲಿ, ಬೆಳಿಗ್ಗೆ ಎರಡೂ ಕೈಯ ಬೆರಳುಗಳು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಿಗಿದುಕೊಂಡಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ ಎಂದು ಬರೆದಿತ್ತು. ಗುರುವಾರ ಗುರುವಾರ ಅದನ್ನು ಓದುತ್ತಿದ್ದೆ. ಲಿಲ್ಲಿ ಕಂಪೌಂಡಿನ ಹತ್ತಿರ ನಿಂತು ಕೇಳಿದ ದಿನವೂ ಅದನ್ನು ಓದಿಯೇ ಬಂದಿದ್ದೆ. ಗೊತ್ತಿಲ್ಲದೆ ಹೇಳಿದ ಸುಳ್ಳಲ್ಲ ಅದು. ಅವಳ ಕೈ ಕಣ್ಣೆದುರಿಗೆ ಇತ್ತು, ಚಿತ್ರ ತಲೆಯಲ್ಲಿ ಇತ್ತು—ಆದರೂ ಬೇರೆ ಎಂತದ್ದೂ ಇಲ್ಲ ಎಂದೆ.

ಅವಳ ಎಡಗೈಯ ಕಿರುಬೆರಳು ನೆಟ್ಟಗಾಗಲಿಲ್ಲ. ಆರು ತಿಂಗಳು ಮೊದಲೇ ಬಂದಿದ್ದರೆ ಅದೂ ಉಳಿಯುತ್ತಿತ್ತು ಎಂದು ಡಾಕ್ಟರು ಹೇಳಿದ್ದು ನನ್ನೆದುರಿಗೇ. "ಒಂದು ಬೆರಳು ತಾನೇ, ಇನ್ನು ಒಂಬತ್ತು ಉಂಟಲ್ಲ," ಎಂದು ಅವಳು ನಕ್ಕಳು. ನಾನೂ ನಕ್ಕೆ.

ಈ ಬರಹವನ್ನು ಅಚ್ಚಿಗೆ ಕೊಡುವ ಮೊದಲು ನಾಳೆ ಬೆಳಿಗ್ಗೆ ಅವಳ ಜಗಲಿಯಲ್ಲಿ ಕೂತು, ಒಂದು ಅಕ್ಷರವನ್ನೂ ಬಿಡದೆ ಓದುತ್ತೇನೆ. ಅವಳು ಹೂ ಕಟ್ಟುತ್ತಲೇ ಕೇಳಬಹುದು. ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಲೂಬಹುದು. ಹಾಕಿಕೊಂಡರೆ ತಟ್ಟುವುದಿಲ್ಲ. ಮುಂದಿನ ರಕ್ತಪರೀಕ್ಷೆಯ ದಿನ ಏಳೂಹತ್ತರ ಬಸ್ಸಿಗೆ ನಾನು ನಿಲ್ದಾಣದಲ್ಲಿ ನಿಂತಿರುತ್ತೇನೆ.